ಆಯ್ಕೆಯಾಗದವರ ಕೈಯಲ್ಲಿ ಉಳಿಯುವುದೇನು?



ಜರ್ಮನಿಯಲ್ಲಿ ನೆಲೆಸಿರುವ ನಮ್ಮ ಸಂಘದ ಸದಸ್ಯರ ಮುಂದೆ ಈಗ ಒಂದು ಪ್ರಸ್ತಾವವಿದೆ. ರಾಜ್ಯೋತ್ಸವದ ಸಂದರ್ಭದಲ್ಲಿ ಕೂಡಿಬಂದ ನಿಧಿಯನ್ನು ಕರ್ನಾಟಕದ ಎಂಜಿನಿಯರಿಂಗ್ ಪದವೀಧರರಿಗಾಗಿ ವಿನಿಯೋಗಿಸಬೇಕು. ಇಸ್ರೋ ಸಂಸ್ಥೆಯ ನೇಮಕಾತಿ ಪರೀಕ್ಷೆಗೆ ಸಿದ್ಧರಾಗುತ್ತಿರುವ ಕೆಲವರನ್ನು ಆರಿಸಿ, ಅವರ ಪರವಾಗಿ ಖಾಸಗಿ ತರಬೇತಿ ಕೇಂದ್ರವೊಂದರ ಶುಲ್ಕವನ್ನು ನಾವು ಭರಿಸಬೇಕು ಎಂಬುದು ಅದರ ಸಾರ. ಪ್ರಸ್ತಾವವನ್ನು ಮುಂದಿಟ್ಟವರು ನಮ್ಮ ಮಿತ್ರರೇ. ಅವರ ಸದುದ್ದೇಶದಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಈ ವಾರ್ತಾಪತ್ರವನ್ನು ಹೊರತರುತ್ತಿರುವ ಬಳಗದವರಾದ ನಾವು ಪ್ರಸ್ತಾವವನ್ನು ವಿರೋಧಿಸುತ್ತೇವೆ. ಸರ್ವಸದಸ್ಯರ ಸಭೆ ಸೇರುವ ಮುನ್ನ ನಮ್ಮ ಕಾರಣಗಳನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಮೊದಲು ನಮ್ಮ ಅಳತೆಗೋಲನ್ನು ಸ್ಪಷ್ಟಪಡಿಸುತ್ತೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ನೆರವಾಗುವ ಯಾವ ಯೋಜನೆಯನ್ನೇ ಆಗಲಿ, ಎಷ್ಟು ಮಂದಿ ಆಯ್ಕೆಯಾದರು ಎಂಬ ಲೆಕ್ಕದಿಂದ ತೂಗುವುದು ವಾಡಿಕೆ. ಆ ಲೆಕ್ಕ ನಮಗೆ ಸಾಲದು. ಇಸ್ರೋ ನೇಮಕಾತಿಯಂತಹ ಸ್ಪರ್ಧೆಯಲ್ಲಿ ಆಯ್ಕೆಯಾಗುವವರು ಕೆಲವರು, ಆಗದವರು ಬಹಳ. ಆದುದರಿಂದ ಯೋಜನೆಯ ಯೋಗ್ಯತೆಯನ್ನು ಆಯ್ಕೆಯಾಗದೆ ಮನೆಗೆ ಮರಳಿದವರ ಕೈಯಲ್ಲಿ ಅದು ಏನನ್ನು ಉಳಿಸಿತು ಎಂಬುದರಿಂದ ಅಳೆಯಬೇಕು. ಈ ಅಳತೆಗೋಲಿಗೆ ತರಬೇತಿ ಕೇಂದ್ರದ ಶುಲ್ಕ ನಿಲ್ಲುವುದಿಲ್ಲ ಎಂಬುದೇ ನಮ್ಮ ವಾದ.

ಪರೀಕ್ಷೆಯ ಸ್ವರೂಪವನ್ನು ಅರಿಯದೆ ಅದರ ಸಿದ್ಧತೆಯ ಬಗ್ಗೆ ಮಾತನಾಡುವುದು ತರವಲ್ಲ. ಎಂಜಿನಿಯರಿಂಗ್ ಪದವೀಧರರು ಇಸ್ರೋ ಸಂಸ್ಥೆಯನ್ನು ಪ್ರವೇಶಿಸುವ ಮುಖ್ಯ ದ್ವಾರ 'ಸೈಂಟಿಸ್ಟ್/ಎಂಜಿನಿಯರ್ ಎಸ್‌ಸಿ' ಎಂಬ ಹುದ್ದೆ. ಇಲ್ಲಿನ 'ಎಸ್‌ಸಿ' ಎಂಬುದು ಹುದ್ದೆಯ ಶ್ರೇಣಿಯ ಹೆಸರು. ಅದಕ್ಕೂ ಮೀಸಲಾತಿಯ ವರ್ಗಕ್ಕೂ ಸಂಬಂಧವಿಲ್ಲ. ಆರಂಭದ ಮೂಲವೇತನ ತಿಂಗಳಿಗೆ 56,100 ರೂಪಾಯಿ. ಅರ್ಜಿ ಹಾಕಲು ಪ್ರಥಮ ದರ್ಜೆಯ ಪದವಿ, ಅದರಲ್ಲಿ ಒಟ್ಟಾರೆ ಶೇಕಡಾ 65 ಅಂಕ ಅಥವಾ ಹತ್ತಕ್ಕೆ 6.84ರ ಸರಾಸರಿ ಇರಬೇಕು. ಬಹುಕಾಲ ಇಸ್ರೋ ಕೇಂದ್ರೀಯ ನೇಮಕಾತಿ ಮಂಡಳಿ ತಾನೇ ಲಿಖಿತ ಪರೀಕ್ಷೆಯನ್ನು ನಡೆಸುತ್ತಿತ್ತು. ಅಭ್ಯರ್ಥಿಯ ವಿಷಯದಲ್ಲಿ 80 ಬಹು ಆಯ್ಕೆಯ ಪ್ರಶ್ನೆಗಳು, 90 ನಿಮಿಷಗಳ ಅವಧಿ, ತಪ್ಪು ಉತ್ತರಕ್ಕೆ ಅಂಕ ಕಡಿತ. ಆ ದಿನಗಳಲ್ಲಿ ಲಿಖಿತ ಪರೀಕ್ಷೆ ಕೇವಲ ಜರಡಿ. ಅಂತಿಮ ಆಯ್ಕೆ ಸಂದರ್ಶನದ ಅಂಕದ ಮೇಲೆ ನಿಂತಿತ್ತು. ಮುಂದೆ ಲಿಖಿತಕ್ಕೆ ಅರ್ಧ, ಸಂದರ್ಶನಕ್ಕೆ ಅರ್ಧ ಎಂಬ ಕ್ರಮ ಬಂತು. ಸಾಮಾನ್ಯ ಸಾಮರ್ಥ್ಯದ ಪ್ರಶ್ನೆಗಳ ಭಾಗವೂ ಸೇರಿಕೊಂಡಿತು.

2025ರಲ್ಲಿ ಮತ್ತೊಂದು ಬದಲಾವಣೆಯಾಯಿತು. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ವಿಭಾಗಗಳ ಹುದ್ದೆಗಳಿಗೆ ಹೊರಟ ಅಧಿಸೂಚನೆಯಲ್ಲಿ ಇಸ್ರೋ ಸ್ವಂತ ಲಿಖಿತ ಪರೀಕ್ಷೆಯನ್ನು ಇಟ್ಟುಕೊಳ್ಳದೆ, 'ಗೇಟ್' ಪರೀಕ್ಷೆಯ ಅಂಕವನ್ನೇ ಆಧಾರವಾಗಿ ಸ್ವೀಕರಿಸಿತು. ಮೂರೂ ವಿಭಾಗಗಳು ಸೇರಿ ಇದ್ದ ಹುದ್ದೆಗಳು 63. ಇಡೀ ದೇಶದ ಪದವೀಧರರಿಗೆ ಅರವತ್ತಮೂರು ಕುರ್ಚಿಗಳು! ಗೇಟ್ ಪರೀಕ್ಷೆಯ ಅವಧಿ ಮೂರು ಗಂಟೆ. ಪ್ರಶ್ನೆಗಳು 65, ಅಂಕಗಳು 100. ಅದರಲ್ಲಿ ಆಯ್ಕೆಗಳೇ ಇಲ್ಲದ, ಅಭ್ಯರ್ಥಿ ತಾನೇ ಲೆಕ್ಕ ಮಾಡಿ ಸಂಖ್ಯೆಯನ್ನು ನಮೂದಿಸಬೇಕಾದ ಪ್ರಶ್ನೆಗಳಿವೆ. ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿರಬಹುದಾದ ಪ್ರಶ್ನೆಗಳೂ ಇವೆ. ನಾಲ್ಕರಲ್ಲಿ ಮೂರನ್ನು ಹೊಡೆದುಹಾಕಿ ಒಂದನ್ನು ಉಳಿಸಿಕೊಳ್ಳುವ ಉಪಾಯ ಇಂತಹ ಪ್ರಶ್ನೆಗಳ ಮುಂದೆ ನಡೆಯದು. ಇಸ್ರೋ ಪ್ರಶ್ನೆಪತ್ರಿಕೆಯ ಮಾದರಿಯನ್ನೇ ಬಾಯಿಪಾಠ ಮಾಡಿಸುವ ಕೇಂದ್ರವೊಂದಕ್ಕೆ ಹಿಂದಿನ ವರ್ಷ ಹಣ ಕಟ್ಟಿದ್ದವನ ಪಾಡೇನು? ಮಾದರಿ ಬದಲಾಯಿತು, ಹಣ ಹೋಯಿತು. ವಿಷಯವನ್ನೇ ಕಲಿತಿದ್ದವನಿಗೆ ಈ ಬದಲಾವಣೆಯಿಂದ ಕಳೆದುಹೋದದ್ದು ಏನೂ ಇಲ್ಲ. ಯಾವ ಹೆಸರಿನ ಪರೀಕ್ಷೆಯೇ ಇರಲಿ, ತೊಲೆ ಬಾಗುವ ನಿಯಮ ಬದಲಾಗುವುದಿಲ್ಲ.

ಇಲ್ಲಿ ಒಂದು ಭ್ರಮೆಯನ್ನೂ ಕಳಚಬೇಕಾಗಿದೆ. ಬಾಹ್ಯಾಕಾಶ ಸಂಸ್ಥೆಯ ಪರೀಕ್ಷೆ ಎಂದೊಡನೆ ರಾಕೆಟ್ಟುಗಳ ಹೆಸರು, ಉಡಾವಣೆಯ ದಿನಾಂಕ, ಉಪಗ್ರಹಗಳ ತೂಕ ಇವುಗಳನ್ನು ಪಟ್ಟಿ ಮಾಡಿ ಉರುಹೊಡೆಯಬೇಕು ಎಂದು ಅನೇಕರು ಭಾವಿಸುತ್ತಾರೆ. ಲಿಖಿತ ಪರೀಕ್ಷೆ ಕೇಳುವುದು ಅದನ್ನಲ್ಲ. ಮೆಕ್ಯಾನಿಕಲ್ ವಿಭಾಗದವರಿಗೆ ವಸ್ತುಬಲ, ಉಷ್ಣಗತಿಶಾಸ್ತ್ರ, ದ್ರವಗಳ ಚಲನೆ, ಯಂತ್ರಗಳ ಕಂಪನ. ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಮಂಡಲಗಳು, ಸಂಕೇತಗಳು, ನಿಯಂತ್ರಣ ವ್ಯವಸ್ಥೆ, ವಿದ್ಯುತ್ಕಾಂತೀಯ ಅಲೆಗಳು. ಕಂಪ್ಯೂಟರ್ ವಿಭಾಗದವರಿಗೆ ದತ್ತಾಂಶ ರಚನೆ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್. ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿಸಿರಬೇಕಾದ ವಿಷಯಗಳೇ ಇವೆಲ್ಲ. ಅಂದಮೇಲೆ ಸಿದ್ಧತೆ ಎಂದರೆ ಆ ನಾಲ್ಕು ವರ್ಷಗಳಲ್ಲಿ ಅಂಕ ಬಂದರೂ ಅರ್ಥವಾಗದೆ ಉಳಿದುದನ್ನು ಅರ್ಥಮಾಡಿಕೊಳ್ಳುವ ಕೆಲಸ.

ಒಂದು ಉದಾಹರಣೆಯನ್ನು ನೋಡೋಣ. ತೆಳುಗೋಡೆಯ ಉರುಳೆಯೊಳಗೆ ಒತ್ತಡವಿದ್ದಾಗ ಗೋಡೆಯಲ್ಲಿ ಎರಡು ಬಗೆಯ ಕರ್ಷಣ ಉಂಟಾಗುತ್ತದೆ: ಸುತ್ತಳತೆಯ ದಿಕ್ಕಿನಲ್ಲಿ ಒಂದು, ಉದ್ದದ ದಿಕ್ಕಿನಲ್ಲಿ ಇನ್ನೊಂದು. ಮೊದಲನೆಯದು ಎರಡನೆಯದರ ಎರಡರಷ್ಟು. ಎರಡು ಮೀಟರ್ ವ್ಯಾಸದ, ಹತ್ತು ಮಿಲಿಮೀಟರ್ ದಪ್ಪದ ಗೋಡೆಯ ಉರುಳೆಯಲ್ಲಿ 5 ಮೆಗಾಪ್ಯಾಸ್ಕಲ್ ಒತ್ತಡವಿದ್ದರೆ, ಸುತ್ತಳತೆಯ ಕರ್ಷಣ 500 ಮೆಗಾಪ್ಯಾಸ್ಕಲ್. ಉದ್ದದ ಕರ್ಷಣ 250. ಸೂತ್ರ ಬಲ್ಲವನು ಅರ್ಧ ನಿಮಿಷದಲ್ಲಿ ಉತ್ತರಿಸಿಯಾನು. ಆದರೆ ಏಕೆ ಎರಡರಷ್ಟು? ಉರುಳೆಯನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿದಂತೆ ಕಲ್ಪಿಸಿಕೊಳ್ಳಿ. ಹೋಳುಗಳನ್ನು ದೂರ ತಳ್ಳುವ ಬಲ, ವ್ಯಾಸ ಗುಣಿಸು ಉದ್ದದಷ್ಟು ಅಗಲವಾದ ಆಯತದ ಮೇಲೆ ಬೀಳುತ್ತದೆ. ತಡೆಯುವುದಕ್ಕೆ ಇರುವುದು ಎರಡು ಬದಿಯ ತೆಳುಗೋಡೆಗಳು ಮಾತ್ರ. ಅಡ್ಡಲಾಗಿ ಕತ್ತರಿಸಿದಂತೆ ಕಲ್ಪಿಸಿಕೊಂಡರೆ ತಳ್ಳುವ ಬಲ ಒಂದು ವೃತ್ತದ ಮೇಲೆ ಬೀಳುತ್ತದೆ. ತಡೆಯುವುದಕ್ಕೆ ಸುತ್ತಲಿನ ಗೋಡೆಯೆಲ್ಲವೂ ಇದೆ. ಲೆಕ್ಕ ಹಾಕಿದರೆ ಎರಡನೆಯ ಸಂದರ್ಭದ ಕರ್ಷಣ ಅರ್ಧವಾಗುತ್ತದೆ. ನಮ್ಮ ಊರಿನ ಸಂತೆಯಲ್ಲಿ ಜರ್ಮನರು ಬೇಯಿಸುವ ಸಾಸೇಜು ಯಾವಾಗಲೂ ಉದ್ದಕ್ಕೇ ಸೀಳಿಕೊಳ್ಳುವುದು ಇದೇ ಕಾರಣದಿಂದ. ಘನ ಇಂಧನದ ರಾಕೆಟ್ಟಿನ ಹೊರಕವಚವೂ ಒತ್ತಡ ತುಂಬಿದ ಉರುಳೆಯೇ. ಅದರ ಉದ್ದದ ಬೆಸುಗೆಯ ಬಗ್ಗೆ ವಿನ್ಯಾಸಕಾರರು ಹೆಚ್ಚು ಎಚ್ಚರ ವಹಿಸಬೇಕಾದ ಕಾರಣವೂ ಇದೇ. ಇದನ್ನು ಹೀಗೆ ತಿಳಿದವನು ಸೂತ್ರವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲ. ಸೂತ್ರವನ್ನಷ್ಟೇ ತಿಳಿದವನು ಮರೆತ ದಿನವೇ ಬರಿಗೈಯಾಗುತ್ತಾನೆ.

ಎಲೆಕ್ಟ್ರಾನಿಕ್ಸ್ ವಿಷಯದಲ್ಲೂ ಹೀಗೆಯೇ. ಸಂಕೇತವೊಂದನ್ನು ಅದರ ಗರಿಷ್ಠ ಆವರ್ತನದ ಎರಡರಷ್ಟಕ್ಕಿಂತ ಹೆಚ್ಚು ವೇಗದಲ್ಲಿ ಮಾದರಿ ತೆಗೆಯಬೇಕೆಂಬ ನಿಯಮವನ್ನು ಪುಸ್ತಕದ ಸಾಲಾಗಿ ಓದಿದವರು ಸಾವಿರಾರು ಮಂದಿ. ಹಳೆಯ ಸಿನಿಮಾದಲ್ಲಿ ಮುಂದಕ್ಕೆ ಓಡುವ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದೂ ಇದೇ ನಿಯಮದ ಉಲ್ಲಂಘನೆಯಿಂದ ಎಂದು ಒಮ್ಮೆ ಮನಗಂಡವರಿಗೆ, ಆ ಪ್ರಶ್ನೆ ಯಾವ ವೇಷದಲ್ಲಿ ಬಂದರೂ ಗುರುತು ಸಿಗುತ್ತದೆ.

ಅರ್ಧ ತೂಕವನ್ನು ಹೊತ್ತ ಸಂದರ್ಶನದಲ್ಲಿ ಅಡಗಿರುವುದೂ ಇಂತಹ 'ಏಕೆ'ಗಳೇ. ಅಲ್ಲಿ ಎದುರಿಗೆ ಕೂರುವವರು ಅದೇ ಕ್ಷೇತ್ರದಲ್ಲಿ ದುಡಿದವರು. ಅಭ್ಯರ್ಥಿ ತಾನು ಬಲ್ಲೆನೆಂದು ಹೇಳಿಕೊಂಡ ವಿಷಯದಿಂದ, ಇಲ್ಲವೇ ಅವನು ಅಂತಿಮ ವರ್ಷದಲ್ಲಿ ಮಾಡಿದ ಪ್ರಾಜೆಕ್ಟಿನಿಂದ ಮಾತು ಆರಂಭವಾಗಿ, ಒಂದೊಂದೇ ಮೆಟ್ಟಿಲು ಕೆಳಗಿಳಿದು ಬುನಾದಿಯನ್ನು ಮುಟ್ಟುತ್ತದೆ. ಆ ಪ್ರಾಜೆಕ್ಟನ್ನು ಹಣ ಕೊಟ್ಟು ಅಂಗಡಿಯಿಂದ ತಂದವರು ಎರಡನೆಯ ಮೆಟ್ಟಿಲಿನಲ್ಲೇ ಮುಗ್ಗರಿಸುತ್ತಾರೆ. ಪ್ರಶ್ನೆಕೋಶಗಳ ರಾಶಿ ಇಲ್ಲಿ ನೆರವಿಗೆ ಬಾರದು. ತಾನು ತಿಳಿದುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬಾಯಿಬಿಟ್ಟು ಹೇಳಿದ, ತಡೆದು ಕೇಳಿದಾಗ ನಿಂತು ಯೋಚಿಸಿದ ಅಭ್ಯಾಸವೊಂದೇ ನೆರವಿಗೆ ಬರುವಂಥದು. ತರಬೇತಿ ಕೇಂದ್ರದ ತುಂಬಿದ ಸಭಾಂಗಣದಲ್ಲಿ, ಅಥವಾ ಮೊದಲೇ ಮುದ್ರಿಸಿಟ್ಟ ವಿಡಿಯೋ ಪಾಠದ ಮುಂದೆ, ವಿದ್ಯಾರ್ಥಿಗೆ ಬಾಯಿ ಬಿಡುವ ಸರದಿ ಬರುವುದೇ ಇಲ್ಲ.

ಇಲ್ಲಿಗೆ ಕನ್ನಡದ ಮಾತು ಬರುತ್ತದೆ. 'ಗೇಟ್ ಪರೀಕ್ಷೆ ಇಂಗ್ಲಿಷಿನಲ್ಲಿದೆ. ಇಸ್ರೋ ಕೆಲಸ ನಡೆಯುವುದೂ ಇಂಗ್ಲಿಷಿನಲ್ಲಿ. ರಾಕೆಟ್ ವಿದ್ಯೆಗೆ ಕನ್ನಡವನ್ನೇಕೆ ಎಳೆದು ತರುತ್ತೀರಿ?' ಎಂದು ಕೆಲವರು ಕೇಳುತ್ತಾರೆ. ಪರೀಕ್ಷೆಯ ಭಾಷೆ ಬೇರೆ, ಅರಿವಿನ ಭಾಷೆ ಬೇರೆ ಎಂಬುದು ನಮ್ಮ ಉತ್ತರ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ರಾಯಚೂರಿನ ಅಥವಾ ಚಾಮರಾಜನಗರದ ವಿದ್ಯಾರ್ಥಿನಿಗೆ 'ಸ್ಟ್ರೆಸ್' ಎಂಬ ಪದ ಮೊದಲ ದಿನವೇ ಬಾಯಿಗೆ ಬರುತ್ತದೆ. ಗೋಡೆಯ ಒಳಗಿನ ಕಣಕಣವೂ ಪಕ್ಕದ ಕಣವನ್ನು ಎಳೆಯುತ್ತಿದೆ ಎಂಬ ಚಿತ್ರ ಮನಸ್ಸಿಗೆ ಬರಲು ಅವಳ ಮಾತಿನಲ್ಲಿ ಯಾರಾದರೂ ಹೇಳಬೇಕು. ಚಿತ್ರ ಮೂಡಿದ ಮೇಲೆ ಇಂಗ್ಲಿಷ್ ಪದವನ್ನು ಅದಕ್ಕೆ ಅಂಟಿಸುವುದು ಕಷ್ಟವಲ್ಲ. ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಅವರು ಕನ್ಯಾಕುಮಾರಿ ಜಿಲ್ಲೆಯ ತಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ತಮಿಳಿನಲ್ಲೇ ಓದಿದವರು. ತಾಯ್ನುಡಿಯ ಬುನಾದಿ ಅವರ ದಾರಿಗೆ ಅಡ್ಡವಾಗಲಿಲ್ಲ. ನಾವು ಬದುಕುತ್ತಿರುವ ಈ ದೇಶವನ್ನೇ ನೋಡಿ. ಇಲ್ಲಿನ ವಿಶ್ವವಿದ್ಯಾಲಯಗಳ ಮೊದಲ ಪದವಿಯ ಎಂಜಿನಿಯರಿಂಗ್ ತರಗತಿಗಳು ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ಹಾಗೆ ಕಲಿತವರು ಮುಂದೆ ಇಂಗ್ಲಿಷಿನಲ್ಲಿ ಸಂಶೋಧನಾ ಲೇಖನ ಬರೆಯುತ್ತಾರೆ. ಒಂದು ಇನ್ನೊಂದಕ್ಕೆ ತಡೆಯಾದುದನ್ನು ಯಾರೂ ಕಾಣರು.

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪರಂಪರೆಗೆ ಬಡತನವಿಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಮೊದಲಾದವರು ಜೀವಮಾನವನ್ನೇ ಇದಕ್ಕೆ ಮುಡಿಪಿಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಎಷ್ಟೋ ಮಕ್ಕಳ ಕಣ್ಣು ತೆರೆಸಿತು. ಇವರೆಲ್ಲ ಸಾಮಾನ್ಯ ಓದುಗರಿಗೂ ಶಾಲಾ ಮಕ್ಕಳಿಗೂ ಬರೆದರು. ಎಂಜಿನಿಯರಿಂಗ್ ಪದವಿಯ ಮಟ್ಟದ ಲೆಕ್ಕವೊಂದನ್ನು ಹಿಡಿದು, ಹೆಜ್ಜೆ ಹೆಜ್ಜೆಗೂ ಕನ್ನಡದಲ್ಲಿ ವಿವರಿಸುವ ಕೆಲಸ ಮಾತ್ರ ತೀರ ಕಡಿಮೆ. ಸೇತುವೆ ಅರ್ಧಕ್ಕೆ ನಿಂತಿದೆ. ಆಚೆಯ ದಡದಲ್ಲಿ ಪರೀಕ್ಷೆಗಳಿವೆ, ಹುದ್ದೆಗಳಿವೆ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿ ನೀಡಲು ಅನುಮತಿಸಿತು. ಕರ್ನಾಟಕದಲ್ಲಿ ಕನ್ನಡ ಮಾಧ್ಯಮವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಕನ್ನಡಿಗರಿಗೆ ಅಭಿಮಾನವಿಲ್ಲ ಎಂದು ಅಂದು ಹಲವರು ಹಲುಬಿದರು. ಆ ತಂದೆತಾಯಿಗಳನ್ನು ದೂಷಿಸಲು ನಾವು ಸಿದ್ಧರಿಲ್ಲ. ಪುಸ್ತಕ ಎಲ್ಲಿ, ಪಾಠ ಹೇಳುವವರು ಯಾರು, ಮುಂದಿನ ಪರೀಕ್ಷೆಗೆ ದಾರಿ ಯಾವುದು ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಇಂದು ಬೇಕಾಗಿರುವುದು ಇಂಗ್ಲಿಷ್ ಪಠ್ಯದ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುವ ಊರುಗೋಲು. ಆ ಊರುಗೋಲನ್ನು ಕೊಡದೆ ಮಾಧ್ಯಮದ ಬಗ್ಗೆ ಘೋಷಣೆ ಕೂಗುವುದರಿಂದ ಯಾವ ವಿದ್ಯಾರ್ಥಿಗೂ ಒಂದಂಕವೂ ಹೆಚ್ಚುವುದಿಲ್ಲ.

ಇನ್ನೊಂದು ಕೂಗು ಆಗಾಗ ಕೇಳಿಬರುತ್ತದೆ. ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಉಪಗ್ರಹಗಳನ್ನು ಕಟ್ಟುವ ಯು.ಆರ್. ರಾವ್ ಕೇಂದ್ರ ಅಲ್ಲಿಯೇ ಇದೆ. ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಇದೆ. ಆದುದರಿಂದ ಹುದ್ದೆಗಳಲ್ಲಿ ಕನ್ನಡಿಗರಿಗೆ ಪಾಲು ಮೀಸಲಿಡಬೇಕು ಎಂಬುದು ಆ ಕೂಗು. ಇಸ್ರೋ ಕೇಂದ್ರ ಸರ್ಕಾರದ ಸಂಸ್ಥೆ. ಹುಟ್ಟಿದ ಸ್ಥಳದ ಅಥವಾ ವಾಸಸ್ಥಳದ ಆಧಾರದ ಮೇಲೆ ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 16ನೆಯ ವಿಧಿ ಹೇಳುತ್ತದೆ. ವಾಸಸ್ಥಳದ ನಿಯಮಕ್ಕೆ ಸಂಸತ್ತು ಮಾತ್ರ ಕಾನೂನು ಮಾಡಬಲ್ಲದು. ಈ ಬಾಗಿಲಿನ ಮುಂದೆ ಕೂಗುತ್ತ ನಿಂತ ಪ್ರತಿಯೊಂದು ವರ್ಷವೂ ನಮ್ಮ ಪದವೀಧರರ ವಯೋಮಿತಿಯಲ್ಲಿ ಒಂದು ವರ್ಷವನ್ನು ಕಳೆಯುತ್ತದೆ. ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ರೂಪುಗೊಂಡು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದಾಗ, ಅದನ್ನು ಕಟ್ಟಿದವರು ದೇಶದ ನಾನಾ ಕಡೆಗಳಿಂದ ಬಂದ ತರುಣರು. ಆ ಪರಂಪರೆಯಲ್ಲಿ ಕನ್ನಡಿಗರ ಪಾಲು ಹೆಚ್ಚಬೇಕಾದರೆ ಸಿದ್ಧರಾದ ಕನ್ನಡಿಗರ ಸಂಖ್ಯೆ ಹೆಚ್ಚಬೇಕು.

ತರಬೇತಿ ಕೇಂದ್ರಗಳ ಪರವಾಗಿ ಹೇಳಬಹುದಾದ ಮಾತುಗಳೂ ಇವೆ, ಅವನ್ನು ಮರೆಮಾಚುವುದಿಲ್ಲ. ಅವು ವೇಳಾಪಟ್ಟಿ ಕೊಡುತ್ತವೆ. ವಾರವಾರ ಪರೀಕ್ಷೆ ಇಡುತ್ತವೆ. ಒಂಟಿಯಾಗಿ ಓದುವವರಿಗೆ ಜೊತೆಗಾರರನ್ನು ಒದಗಿಸುತ್ತವೆ. ಒಳ್ಳೆಯ ಅಧ್ಯಾಪಕರೂ ಅಲ್ಲಿದ್ದಾರೆ. ಆದರೆ ಅವುಗಳ ಸರಕಿನಲ್ಲಿ ಬಹುಪಾಲು ಈಗಾಗಲೇ ಬಿಟ್ಟಿಯಾಗಿ ದೊರೆಯುತ್ತದೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳನ್ನು ನೋಡಲು ಒಂದು ಪೈಸೆಯೂ ಬೇಡ. ಗೇಟ್ ಪರೀಕ್ಷೆಯ ಹಿಂದಿನ ಪ್ರಶ್ನೆಪತ್ರಿಕೆಗಳೂ ಹಾಗೆಯೇ ಸಿಗುತ್ತವೆ. ಸಿಗದಿರುವುದು ಒಂದೇ: ವಿದ್ಯಾರ್ಥಿ ಬಿಡಿಸಿದ ಲೆಕ್ಕದ ಹಾಳೆಯನ್ನು ಕೈಗೆತ್ತಿಕೊಂಡು, 'ಮೂರನೆಯ ಸಾಲಿನಲ್ಲಿ ದಾರಿ ತಪ್ಪಿದ್ದೀಯೆ, ಹೀಗೆ ಯೋಚಿಸು' ಎನ್ನುವ ಮನುಷ್ಯ. ಆ ಮನುಷ್ಯನನ್ನು ಕೊಡುವ ಯೋಜನೆಗೆ ನಮ್ಮ ಹಣ ಹೋಗಲಿ. ಶುಲ್ಕ ಕಟ್ಟುವುದರಲ್ಲಿ ನಮಗೊಂದು ಅನುಕೂಲವಿದೆ: ರಸೀದಿ ಕೂಡಲೇ ಬರುತ್ತದೆ, ವಾರ್ಷಿಕ ವರದಿಯಲ್ಲಿ ಒಂದು ಸಾಲು ತುಂಬುತ್ತದೆ, ಯಾರ ಶನಿವಾರವೂ ಹಾಳಾಗುವುದಿಲ್ಲ. ಅನುಕೂಲ ಕೊಡುವವರದು, ವಿದ್ಯಾರ್ಥಿಯದಲ್ಲ.

ತರಬೇತಿ ಕೇಂದ್ರದ ಗೋಡೆಯ ಮೇಲೆ ಆಯ್ಕೆಯಾದವರ ಭಾವಚಿತ್ರಗಳಿರುತ್ತವೆ. ಉಳಿದವರಿಗೆ ಗೋಡೆಯಿಲ್ಲ. ಆ ಉಳಿದವರಲ್ಲಿ ಒಬ್ಬ ಎರಡು ವರ್ಷ ಊರು ಬಿಟ್ಟು, ಬಾಡಿಗೆಯ ಕೋಣೆಯಲ್ಲಿ ಸಂಕ್ಷಿಪ್ತ ಸೂತ್ರಗಳನ್ನು ಉರುಹೊಡೆದು, ವಯೋಮಿತಿ ದಾಟಿ, ತಂದೆಯ ಸಾಲವನ್ನೂ ಬೆಳೆಸಿ ಮರಳಿದನೆಂದುಕೊಳ್ಳಿ. ಮರುದಿನ ಕಾರ್ಖಾನೆಯೊಂದರ ಸಂದರ್ಶನದಲ್ಲಿ 'ಈ ಕೊಳವೆ ಏಕೆ ಒಡೆಯಿತು?' ಎಂದು ಕೇಳಿದರೆ ಅವನು ಏನು ಹೇಳಬೇಕು? ಅದೇ ಎರಡು ವರ್ಷ ವಿಷಯವನ್ನು ಅರಿಯಲು ವ್ಯಯಿಸಿದವನು ಇಸ್ರೋ ಬಾಗಿಲು ತೆರೆಯದಿದ್ದರೂ ಎಂಜಿನಿಯರಾಗಿ ಮರಳುತ್ತಾನೆ. ಇಸ್ರೋ ಸಂಸ್ಥೆಯ ಚರಿತ್ರೆಯೇ ಇದಕ್ಕೆ ನಿದರ್ಶನ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಮೆತ್ತಗೆ ಇಳಿಯಲಾಗಲಿಲ್ಲ. ಆದರೆ ಅದರ ಕಕ್ಷಾನೌಕೆ ಚಂದ್ರನ ಸುತ್ತ ಉಳಿಯಿತು, ಕೆಲಸ ಮಾಡುತ್ತಲೇ ಇತ್ತು. ನಾಲ್ಕು ವರ್ಷಗಳ ಬಳಿಕ ಚಂದ್ರಯಾನ-3 ಬಂದಾಗ ಅದರ ಸಂಪರ್ಕಕ್ಕೆ ನೆರವಾಯಿತು. ಇಳಿಯುವ ಯತ್ನ ವಿಫಲವಾದರೂ ಉಳಿಯುವುದೊಂದು ಇರಬೇಕೆಂದು ಅದನ್ನು ಕಟ್ಟಿದವರು ಮೊದಲೇ ಯೋಚಿಸಿದ್ದರು. ನಮ್ಮ ನಿಧಿಯ ಯೋಜನೆಯೂ ಅಷ್ಟು ಯೋಚಿಸಬೇಡವೇ?

ವಿರೋಧಿಸುವವರು ಬದಲಿಯನ್ನೂ ಕೊಡಬೇಕು. ನಮ್ಮ ಸಲಹೆ ಇದು. ಮೊದಲ ವರ್ಷ ಎರಡೇ ವಿಷಯಗಳನ್ನು ಎತ್ತಿಕೊಳ್ಳೋಣ: ವಸ್ತುಬಲ ಮತ್ತು ಸಂಕೇತಗಳು. ಪ್ರತಿ ವಿಷಯಕ್ಕೂ ಇಪ್ಪತ್ತನಾಲ್ಕು ಶನಿವಾರಗಳು. ಇಲ್ಲಿ ಮಧ್ಯಾಹ್ನ ಎರಡು ಗಂಟೆಯಾದಾಗ ಕರ್ನಾಟಕದಲ್ಲಿ ಚಳಿಗಾಲದಲ್ಲಿ ಸಂಜೆ ಆರೂವರೆ, ಬೇಸಗೆಯಲ್ಲಿ ಐದೂವರೆ. ಇಬ್ಬರಿಗೂ ಹೊಂದುವ ಹೊತ್ತು. ಒಬ್ಬ ಮಾರ್ಗದರ್ಶಿಗೆ ಐವರಿಗಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ. ವಾರಕ್ಕೆ ಆರು ಲೆಕ್ಕಗಳು ಸಾಕು. ಪ್ರತಿಯೊಂದನ್ನೂ ವಿದ್ಯಾರ್ಥಿಯೇ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಎಲ್ಲರೆದುರು ವಿವರಿಸಬೇಕು. ಅದೇ ಸಂದರ್ಶನದ ಸಿದ್ಧತೆಯೂ ಆಯಿತು. ಹಾಗೆ ಬಿಡಿಸಿದ ಲೆಕ್ಕಗಳ ವಿವರಣೆಯನ್ನು ಕನ್ನಡದಲ್ಲಿ ಬರೆದಿಟ್ಟು, ಯಾರು ಬೇಕಾದರೂ ಓದುವಂತೆ ಉಚಿತವಾಗಿ ಪ್ರಕಟಿಸೋಣ. ವರ್ಷದ ಕೊನೆಗೆ ಇನ್ನೂರೆಂಬತ್ತೆಂಟು ಲೆಕ್ಕಗಳ ಕನ್ನಡ ವಿವರಣೆ ನಮ್ಮ ಬಳಿ ಇರುತ್ತದೆ. ಒಬ್ಬರೂ ಆಯ್ಕೆಯಾಗದಿದ್ದರೂ ಅದು ಉಳಿಯುತ್ತದೆ, ಮುಂದಿನವರಿಗೆ ಮೆಟ್ಟಿಲಾಗುತ್ತದೆ.

ನಿಧಿಯ ಹಣವನ್ನು ಮೂರು ಕೆಲಸಕ್ಕೆ ಬಳಸಬಹುದು. ಊರಿನಲ್ಲೇ ವಾರಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕೂಡಿಸಿ ನೋಡಿಕೊಳ್ಳುವ ಸ್ಥಳೀಯ ಉಪನ್ಯಾಸಕರಿಗೆ ಗೌರವಧನ, ಪಠ್ಯಪುಸ್ತಕಗಳ ಒಂದೊಂದು ಕಟ್ಟು, ಇಂಟರ್ನೆಟ್ ವೆಚ್ಚ. ದೂರದ ನಗರದ ತರಬೇತಿಗೆ ಮಗಳನ್ನು ಕಳುಹಿಸಲು ಒಪ್ಪದ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಶುಲ್ಕ ಕಟ್ಟುವ ಯೋಜನೆ ಆ ಹೆಣ್ಣುಮಕ್ಕಳನ್ನು ಮೊದಲ ಹೆಜ್ಜೆಯಲ್ಲೇ ಹೊರಗಿಡುತ್ತದೆ. ಊರಿಗೇ ಬರುವ ಪಾಠ ಅವರನ್ನು ಒಳಗೊಳ್ಳುತ್ತದೆ.

'ಸ್ವಯಂಸೇವಕರ ಉತ್ಸಾಹ ಮೂರು ತಿಂಗಳ ಮಾತು' ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದಕ್ಕೆಂದೇ ಅವಧಿಯನ್ನು ಇಪ್ಪತ್ತನಾಲ್ಕು ವಾರಗಳಿಗೆ ಮಿತಿಗೊಳಿಸಿದ್ದೇವೆ. ಪ್ರತಿ ಗುಂಪಿಗೆ ಇಬ್ಬರು ಮಾರ್ಗದರ್ಶಿಗಳಿರಬೇಕು, ಒಬ್ಬರಿಗೆ ಬಿಡುವಿಲ್ಲದಾಗ ಇನ್ನೊಬ್ಬರು ನಿಲ್ಲಬೇಕು ಎನ್ನುತ್ತಿದ್ದೇವೆ. ಕಲಿಸುವಷ್ಟು ನಮಗೆ ತಿಳಿದಿದೆಯೇ ಎಂದು ಅಳುಕುವವರಿಗೆ ಒಂದು ಮಾತು. ಸ್ಟುಟ್‌ಗಾರ್ಟ್ ಮತ್ತು ಮ್ಯೂನಿಕ್ ಸುತ್ತಮುತ್ತಲ ವಾಹನ ಕಾರ್ಖಾನೆಗಳಲ್ಲಿ ಕಂಪನ, ನಿಯಂತ್ರಣ, ಸಂಕೇತ ಸಂಸ್ಕರಣೆಗಳನ್ನು ದಿನನಿತ್ಯ ಮಾಡುವ ಕನ್ನಡಿಗರು ನಮ್ಮಲ್ಲೇ ಇದ್ದಾರೆ. ಅವರ ಒಂದು ಗಂಟೆಗೆ ಸಮನಾದುದನ್ನು ಯಾವ ಶುಲ್ಕವೂ ಕೊಳ್ಳಲಾರದು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಹರಿತವಾದುದು: 'ದೇಶ ಬಿಟ್ಟು ಬಂದವರು ದೇಶಸೇವೆಯ ಪರೀಕ್ಷೆಗೆ ಇತರರನ್ನು ಸಿದ್ಧಪಡಿಸುವುದೆಂತು?' ಬಂದಿದ್ದೇವೆ, ನಿಜ. ಬದುಕು ಅರಸಿ ಊರು ಬಿಡುವುದು ನಾಚಿಕೆಯ ಸಂಗತಿಯಲ್ಲ. ಇಸ್ರೋ ಹುದ್ದೆ ಭಾರತದ ಪ್ರಜೆಗಳಿಗೆ ಮಾತ್ರ. ಜರ್ಮನ್ ಪಾಸ್‌ಪೋರ್ಟು ಹಿಡಿದ ನಮ್ಮ ಮಕ್ಕಳು ಆ ಪರೀಕ್ಷೆಗೆ ಕೂರುವಂತಿಲ್ಲ. ಆದುದರಿಂದ ಇದರಲ್ಲಿ ನಮಗೆ ಯಾವ ಲಾಭವೂ ಇಲ್ಲ, ಮಾತು ಇನ್ನಷ್ಟು ನಿರ್ಭಿಡೆಯಿಂದ ಆಡಬಹುದು. ಇದೇ ದೇಶದ ಡಾರ್ಮ್‌ಸ್ಟಾಟ್‌ನಲ್ಲಿರುವ ಯುರೋಪಿನ ಬಾಹ್ಯಾಕಾಶ ಕಾರ್ಯಾಚರಣೆ ಕೇಂದ್ರ ತನ್ನ ಆಂಟೆನಾ ಜಾಲದ ಮೂಲಕ ಚಂದ್ರಯಾನ-3ಕ್ಕೆ ಸಂಪರ್ಕದ ನೆರವನ್ನು ಒದಗಿಸಿತು. ನೆರವಾಗಲು ನೆಲ ಒಂದೇ ಆಗಿರಬೇಕಿಲ್ಲ. ಹೊತ್ತಿಗೆ ಸರಿಯಾಗಿ ಕಿವಿಗೊಟ್ಟು ಕೂತರೆ ಸಾಕು.

ಸರ್ವಸದಸ್ಯರ ಸಭೆಯಲ್ಲಿ ಪ್ರಸ್ತಾವ ಮತಕ್ಕೆ ಬಂದಾಗ ಅದನ್ನು ತಿರಸ್ಕರಿಸಿ ನಮ್ಮ ಬದಲಿ ಸಲಹೆಯನ್ನು ಅಂಗೀಕರಿಸಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ. ಕೈ ಎತ್ತುವುದರ ಜೊತೆಗೆ ಹೆಸರನ್ನೂ ಕೊಡಿ: ಯಾವ ವಿಷಯವನ್ನು ಕಲಿಸಬಲ್ಲಿರಿ, ಯಾವ ಶನಿವಾರಗಳು ನಿಮ್ಮವು ಎಂದು ಬರೆದು ತನ್ನಿ. ಹನ್ನೆರಡು ಹೆಸರುಗಳು ಸೇರಿದರೆ ಮೂವತ್ತು ವಿದ್ಯಾರ್ಥಿಗಳಿಗೆ ಆಸರೆಯಾಗುತ್ತದೆ. ಆ ಮೂವತ್ತರಲ್ಲಿ ಇಸ್ರೋ ಯಾರನ್ನು ಆರಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಉಳಿದವರು ಬರಿಗೈಯಲ್ಲಿ ಮರಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.